ಮುಚ್ಚುವ ಕೈ

ಕಂಪ್ಯೂಟರು ಜೋಡಿಸುವುದು ದೊಡ್ಡ ವಿದ್ಯೆಯೇನಲ್ಲ. ಗುಜರಿಯಿಂದ ಹಳೆಯ ಡಬ್ಬಿ ತಂದು, ಧೂಳು ಊದಿ, ಉಬ್ಬಿದ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸುಗೆ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಯಾವ ಬೋರ್ಡಿಗೆ ಯಾವ ರ‍್ಯಾಮು ಕೂರುತ್ತದೆ, ಎಷ್ಟು ವ್ಯಾಟಿನ ಪವರ್ ಸಪ್ಲೈ ಸಾಕು ಎಂದು ಪುಕ್ಕಟೆ ಲೆಕ್ಕ ಹಾಕಿಕೊಡುವ ಸೈಟುಗಳಿವೆ. ಉಳಿದರ್ಧ ಅವು ಮಾಡುತ್ತವೆ. ನಮ್ಮೂರಲ್ಲಿ ತ್ರಾಸು ಇರುವುದು ಮುಚ್ಚುವುದರಲ್ಲಿ. ಇಲ್ಲಿ ಕೊನೆಯ ಸ್ಕ್ರೂ ಯಾರ ಕೈಯಲ್ಲಿ ತಿರುಗುತ್ತದೋ ಅವರ ಗುಣ ಯಂತ್ರಕ್ಕೆ ಬರುತ್ತದೆ. ಹೊರಗಿನಿಂದ ಹೊಸದಾಗಿ ಬಂದದ್ದು ಬಂದ ಹಾಗೇ ಇರುತ್ತದೆ. ಒಮ್ಮೆ ಬಿಚ್ಚಿ ಮುಚ್ಚಿದಿರೋ, ಮುಗಿಯಿತು. ಮುಚ್ಚದೆ ಬಿಡೋಣವೆಂದರೆ ಅದೂ ಆಗದು. ತೆರೆದ ಯಂತ್ರ ದಿಕ್ಕು ತಪ್ಪಿದ ಕರುವಿನಂತೆ ಶುರುವಾಗುತ್ತದೆ, ಆರುತ್ತದೆ, ಮತ್ತೆ ಶುರುವಾಗುತ್ತದೆ.

ಹಾಗಾಗಿ ಊರಿನ ಯಂತ್ರಗಳನ್ನೆಲ್ಲ ಗುರುಪಾದಪ್ಪ ಮಾಸ್ತರರು ಮುಚ್ಚುತ್ತಾರೆ. ಅವರು ನಿವೃತ್ತ ಕನ್ನಡ ಸಾಲಿ ಮಾಸ್ತರರು. ಇಡೀ ನೌಕರಿಯಲ್ಲಿ ಒಬ್ಬ ಹುಡುಗನನ್ನೂ ನಪಾಸು ಮಾಡಿದವರಲ್ಲ, ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ. ಮಿಕ್ಸರು ರಿಪೇರಿಯಾಗಲಿ, ಫ್ಯಾನಿಗೆ ಬೇರಿಂಗು ಬೀಳಲಿ, ಮನೆಯವರು ಎಲೆ ಅಡಿಕೆ ಹಿಡಿದು ಅವರ ಬಾಗಿಲಿಗೆ ಹೋಗುತ್ತಾರೆ. ಮಾಸ್ತರರು ಬಂದು, ಕೈ ತೊಳೆದು, ಹೆಗಲಿನ ಟವೆಲಿಗೆ ಒರೆಸಿಕೊಂಡು, ಜೇಬಿನಿಂದ ತಮ್ಮದೇ ಸ್ಕ್ರೂಡ್ರೈವರು ತೆಗೆದು, "ಛಲೋ ಆಗ್ಲಿ" ಎಂದು ಕೊನೆಯದೊಂದನ್ನು ತಿರುಗಿಸುತ್ತಾರೆ. ಜನ ಕೈ ಮುಗಿಯುತ್ತಾರೆ.

ಯಾರ ಮನಸ್ಸನ್ನೂ ನೋಯಿಸದ ಯಂತ್ರ ಇಟ್ಟುಕೊಂಡು ಏನು ಮಾಡುವುದು ಎಂದು ಮಾತ್ರ ಯಾರೂ ಕೇಳಿಲ್ಲ. ಮಾಸ್ತರರು ಮುಚ್ಚಿದ ಗಡಿಯಾರವಿರುವ ಮನೆಯಲ್ಲಿ ಯಾರಿಗೂ ತಡವಾಗುವುದಿಲ್ಲ, ಬಸ್ಸು ಹೋಗಿರುತ್ತದೆ ಅಷ್ಟೆ. ಅವರು ಮುಚ್ಚಿದ ತೂಕದ ಯಂತ್ರ ದಪ್ಪಗಿನವರನ್ನು ತುಸು ಇಳಿಸಿ, ಬಡಕಲರನ್ನು ತುಸು ಏರಿಸಿ ಎಲ್ಲರನ್ನೂ ನಗಿಸಿ ಕಳಿಸುತ್ತದೆ. ದವಾಖಾನೆಯ ಬಿ.ಪಿ. ಯಂತ್ರ ಊರಿಗೆಲ್ಲ ನೂರಾ ಇಪ್ಪತ್ತು, ಎಂಬತ್ತು. ಹೈಸ್ಕೂಲಿಗೆ ನಾನೇ ಕೂತು ಜೋಡಿಸಿಕೊಟ್ಟ ಕಂಪ್ಯೂಟರುಗಳಿವೆ. ಹಳೆಯ ಫಾಂಟಿನ ಕನ್ನಡವನ್ನು ಯುನಿಕೋಡಿಗೆ ತಿರುಗಿಸುವ ಸೈಟು, ಪಿಡಿಎಫ್ ಜೋಡಿಸುವ ಸೈಟು, ಭಾರದ ಫೋಟೋ ಹಗುರ ಮಾಡುವ ಸೈಟು, ಎಲ್ಲವನ್ನೂ ಪರದೆಯ ಮೇಲೆ ಸಾಲಾಗಿ ಇಟ್ಟುಕೊಟ್ಟಿದ್ದೆ. ಮುಚ್ಚಿದವರು ಮಾಸ್ತರರು. ಈಗ ಆ ಕಂಪ್ಯೂಟರುಗಳು ಏನು ಕೆಲಸ ಕೊಟ್ಟರೂ ಇಲ್ಲ ಎನ್ನುವುದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತರ ತನಕ ಓಡಿ ಅಲ್ಲೇ ನಿಲ್ಲುತ್ತವೆ. ಹೆಡ್ ಮಾಸ್ತರರು ಅದರ ಮುಂದೆ ಚಹಾ ಕುಡಿಯುತ್ತ, "ಇನ್ನೇನು ಆಗೇಬಿಟ್ಟೈತಿ" ಎಂದು ಮಧ್ಯಾಹ್ನ ಕಳೆಯುತ್ತಾರೆ. ನಾನು ಮಾಡಿದ ಕೆಲಸದಲ್ಲಿ ಒಂದು ತಂತಿಯೂ ತಪ್ಪಿಲ್ಲವೆಂದು ಯಾರಿಗೆ ಹೇಳಲಿ?

ನನ್ನನ್ನು ಮುಚ್ಚಲು ಯಾರೂ ಕರೆಯುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು. ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಮಾಡಿ, ಅಲ್ಲಿನ ಲೈಬ್ರರಿಯ ಪುಸ್ತಕಗಳನ್ನೆಲ್ಲ ಓದಿ ಬಂದವಳು ನಾನು. ಬಂದಾಗ ನನ್ನನ್ನು ನೋಡಲು ಒಂದು ಗಂಡು ಬಂದಿತ್ತು. ನಮ್ಮಲ್ಲಿ ಇಬ್ಬರ ಕೈಗೂ ಒಂದೊಂದು ಬಿಚ್ಚಿದ ಟಾರ್ಚು ಕೊಟ್ಟು ಮುಚ್ಚಿಸಿ ನೋಡುವ ಪದ್ಧತಿ. ಹುಡುಗ ಮುಚ್ಚಿದ ಟಾರ್ಚು ಅವನ ತಾಯಿ ಹೇಳಿದ ಮೇಲೆ ಹತ್ತಿತು. ನಾನು ಮುಚ್ಚಿದ್ದು ಹುಡುಗನ ಅಪ್ಪನ ಕೈಗೆ ಹೋದದ್ದೇ ತಡ, ನೆಟ್ಟಗೆ ಅವನ ತಂಬಾಕಿನ ಹಲ್ಲಿನ ಮೇಲೆ ಬೆಳಕು ಬಿಟ್ಟಿತು. ಅವನು ಗುಂಡಿ ಒತ್ತಿದ, ತಿರುವಿದ, ತೊಡೆಗೆ ಬಡಿದ. ಆರಲಿಲ್ಲ. ಉಪ್ಪಿಟ್ಟು ತಿಂದು ಎದ್ದುಹೋದವರು ಮತ್ತೆ ಬರಲಿಲ್ಲ. ಅವ್ವ ಅಂದಿನಿಂದ ಮನೆಯಲ್ಲಿ ನನ್ನ ಕೈಗೆ ಸ್ಕ್ರೂಡ್ರೈವರು ಸಿಗದಂತೆ ನೋಡಿಕೊಳ್ಳುತ್ತಾಳೆ. ನನ್ನ ಸ್ವಂತದ ಕಂಪ್ಯೂಟರು ಮಾತ್ರ ನಾನೇ ಮುಚ್ಚಿದ್ದು. ಕಡತ ಉಳಿಸದೆ ಎದ್ದರೆ ಅದು "ಉಳಿಸಬೇಕೆ" ಎಂದು ಕೇಳುವುದಿಲ್ಲ, "ಮತ್ತ ಮರತಿ" ಎನ್ನುತ್ತದೆ. ನನಗದು ಸರಿಹೋಗುತ್ತದೆ.

ಅನಸಕ್ಕ ನನ್ನ ಒಡಹುಟ್ಟಿದ ಅಕ್ಕ, ಊರಿನ ದವಾಖಾನೆಯಲ್ಲಿ ನರ್ಸು. ಕೂಸುಗಳ ಲಸಿಕೆ ಇಡುವ ಫ್ರಿಜ್ಜು ಅವಳ ಜವಾಬ್ದಾರಿ. ಅದರೊಳಗಿನ ಥಂಡಿ ಎರಡು ಡಿಗ್ರಿಗಿಂತ ಇಳಿಯಬಾರದು, ಎಂಟಕ್ಕಿಂತ ಏರಬಾರದು. ಹುಟ್ಟಾ ಅಂಜುಬುರುಕಿಯಾದ ಅಕ್ಕ ಭಾನುವಾರ ರಜೆಯಿದ್ದರೂ ಸೀರೆ ಉಟ್ಟು ದವಾಖಾನೆಗೆ ಹೋಗಿ ಬಾಗಿಲು ತೆರೆದು ನೋಡಿ ಬರುತ್ತಿದ್ದಳು. ಹಾಗೆ ಹೋಗಿ ಬಂದು ಒಂದು ದಿನ ಚಪ್ಪಲಿ ಬಿಡುತ್ತ ಕೇಳಿದಳು:

"ಕಸ್ತೂರಿ, ನೀ ಆ ತಂತಿ ಗಿಂತಿ ಜೋಡಸ್ತೀಯಲ್ಲ. ಮನ್ಯಾಗ ಕುಂತಲ್ಲೇ ಫ್ರಿಜ್ಜಿನ ಥಂಡಿ ಎಷ್ಟೈತಿ ಅಂತ ಫೋನಿಗೆ ಬರೂಹಂಗ ಮಾಡಾಕ ಬರತೈತೇನು?"

"ಬರತೈತಿ," ಎಂದೆ. ಯಾರಾದರೂ ನನ್ನನ್ನು ನೆಟ್ಟಗಿನ ಕೆಲಸ ಕೇಳಿ ಬಹಳ ದಿನವಾಗಿತ್ತು.

ಮಾಡಲು ಹೆಚ್ಚೇನೂ ಬೇಡ. ಬೆಂಕಿಪೊಟ್ಟಣದಷ್ಟು ದೊಡ್ಡ ವೈಫೈ ಬೋರ್ಡು, ಉದ್ದ ತಂತಿಯ ತುದಿಗೆ ಸ್ಟೀಲಿನ ಮೂತಿಯ ಸೆನ್ಸರು, ಒಂದು ರೆಸಿಸ್ಟರು, ಕೂಗಿ ಎಚ್ಚರಿಸಲು ಚಿಕ್ಕ ಬಜರು. ದವಾಖಾನೆಗೆ ಹೋಗಿ ಸೆನ್ಸರನ್ನು ಫ್ರಿಜ್ಜಿನ ಬಾಗಿಲಿನ ರಬ್ಬರಿನ ಸಂದಿಯಿಂದ ಒಳಗೆ ಬಿಟ್ಟು, ಬೋರ್ಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದೆ. ಬಂದ ಅಂಕಿಗಳನ್ನು ಗೆರೆಯಾಗಿ ಬಿಡಿಸಿ ತೋರಿಸುವ ಪುಕ್ಕಟೆ ಸೈಟೊಂದರಲ್ಲಿ ಖಾತೆ ತೆರೆದೆ. ಥಂಡಿ ಎಲ್ಲೆ ಮೀರಿದರೆ ಅಕ್ಕನಿಗೂ ವಾರಕ್ಕೆರಡು ಸಲ ಬರುವ ಡಾಕ್ಟರಿಗೂ ಮೆಸೇಜು ಹೋಗುವಂತೆ ಕೋಡು ಬರೆದೆ. ಎಲ್ಲವೂ ಆದ ಮೇಲೆ ಡಬ್ಬಿಯ ಮುಚ್ಚಳಕ್ಕೆ ಒಂದು ಸ್ಕ್ರೂ ಉಳಿಯಿತು.

"ನಾ ಮುಚ್ಚಲೇನು?"

"ಬ್ಯಾಡವಾ. ನೀ ಮುಚ್ಚಿದ್ದು ಡಾಕ್ಟರ ಎದುರಿಗೆ ನನ್ನ ಮಾನಾ ಕಳೀತೈತಿ."

"ಹಂಗಾರ ನೀನ ಮುಚ್ಚು. ನಿನ್ನ ಫ್ರಿಜ್ಜು."

ಕಾದ ಹಂಚು ಮುಟ್ಟಿದವಳಂತೆ ಅಕ್ಕ ಕೈ ಹಿಂದೆ ತೆಗೆದುಕೊಂಡಳು. "ನಾನ? ನಾ ಮುಚ್ಚಿದ್ರ ಅದು ಗಡಗಡ ನಡುಗಿ ಸಾಯ್ತೈತಿ."

ಬುತ್ತಿ ಕೊಡಲು ಬಂದಿದ್ದ ಅವ್ವನೂ ದನಿ ಸೇರಿಸಿದಳು. "ತನ್ನ ಸಾಮಾನು ತಾ ಮುಚ್ಚಬಾರದು. ಒಂದ ಗುಣ ಮನ್ಯಾಗ ಎರಡೆರಡು ಆಗಬಾರದು. ಮಾಸ್ತರನ್ನ ಕರೀರಿ."

ಮಾಸ್ತರರು ಬಂದರು. ಕೈ ತೊಳೆದರು. ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು, "ಥಂಡಿ ಹೇಳತೈತೇನು ಇದು? ಛಲೋ, ಭಾಳ ಛಲೋ. ಕಸ್ತೂರಿ ಕೈಯಾಗ ಕಲಾ ಐತಿ," ಎಂದರು. ನನಗೆ ಬೈಯಬೇಕೆನಿಸಿತು, ಆದರೆ ಅವರನ್ನು ಬೈಯಲು ಏನೂ ಸಿಗುವುದಿಲ್ಲ. ಸ್ಕ್ರೂ ತಿರುಗಿತು. ಅಕ್ಕನ ಫೋನಿಗೆ ಅಂಕಿ ಬಂತು, ಐದು. ಅಕ್ಕ ನಿಟ್ಟುಸಿರು ಬಿಟ್ಟಳು. ಭಾನುವಾರ ದವಾಖಾನೆಗೆ ಹೋಗುವುದನ್ನೂ ಬಿಟ್ಟಳು.

ಕೆಲವು ದಿನ ಕಳೆದ ಮೇಲೆ ಆ ಸೈಟು ತೆರೆದು ಗೆರೆ ನೋಡಿದೆ. ಸ್ಕೇಲು ಇಟ್ಟು ಎಳೆದಂತೆ ನೆಟ್ಟಗಿತ್ತು. ಫ್ರಿಜ್ಜಿನ ಥಂಡಿ ಎಂದರೆ ಉಸಿರಾಡಿದ ಹಾಗೆ. ಮೋಟಾರು ಓಡಿದಾಗ ಇಳಿಯುತ್ತದೆ, ನಿಂತಾಗ ಏರುತ್ತದೆ, ಬಾಗಿಲು ತೆರೆದರೆ ಜಿಗಿಯುತ್ತದೆ. ಇಲ್ಲಿ ಐದು, ಐದು, ಐದು. ನಡುವೆ ಒಂದು ದಿನ ಊರಿಗೆಲ್ಲ ಕರೆಂಟು ಇರಲಿಲ್ಲ, ಬ್ಯಾಟರಿಯ ಮೇಲಿದ್ದ ನನ್ನ ಡಬ್ಬಿ ಆಗಲೂ ಐದೇ ಎಂದಿತ್ತು. ತಪ್ಪು ನನ್ನದೇ ಇರಬಹುದೆಂದು ಹವ್ಯಾಸಿಗಳ ಒಂದು ಫೋರಮ್ಮಿನಲ್ಲಿ ಫೋಟೋ, ಕೋಡು ಎಲ್ಲ ಹಾಕಿ ಕೇಳಿದೆ. ಯಾವ್ಯಾವುದೋ ದೇಶದವರು ಉತ್ತರ ಕೊಟ್ಟರು. ಒಬ್ಬ ರೆಸಿಸ್ಟರು ಬದಲಿಸು ಎಂದ. ಇನ್ನೊಬ್ಬ ನಿನಗೆ ಸಿಕ್ಕಿದ್ದು ನಕಲಿ ಸೆನ್ಸರು ಎಂದ. ಮೂರನೆಯವನು ಇದನ್ನೆಲ್ಲ ಶುರುಮಾಡುವ ಮೊದಲು ಹಳೆಯ ಪ್ರಶ್ನೆಗಳನ್ನು ಓದಬೇಕಿತ್ತು ಎಂದು ಉಪದೇಶ ಮಾಡಿದ. ರೆಸಿಸ್ಟರನ್ನು ಅಳೆದು ನೋಡಿದ್ದೆ. ಸೆನ್ಸರನ್ನು ಐಸಿನ ನೀರಿನಲ್ಲಿ ಅದ್ದಿ ನೋಡಿದ್ದೆ. ಹಳೆಯ ಪ್ರಶ್ನೆಗಳನ್ನೂ ಓದಿದ್ದೆ. ಮುಚ್ಚಿದ್ದು ಯಾರು ಎಂದು ಮಾತ್ರ ಅಲ್ಲಿ ಒಬ್ಬರೂ ಕೇಳಲಿಲ್ಲ.

ಅಕ್ಕನಿಗೆ ಹೇಳಿದೆ. "ಬಾಗಲಾ ತೆಗದ್ರೂ ಐದ, ಕರೆಂಟ್ ಹ್ವಾದ್ರೂ ಐದ. ನೀ ಅಲ್ಲಿ ಫ್ರಿಜ್ಜು ಇಟ್ಟೀಯೋ ದೇವರ ಫೋಟೋ ಇಟ್ಟೀಯೋ?"

"ಒಳಗಿನ ಮುಳ್ಳಿನ ಥರ್ಮಾಮೀಟರೂ ಐದ ತೋರಸ್ತೈತಿ."

"ಅದು ಬಿದ್ದು ಗಾಜು ಒಡದಿತ್ತಲ್ಲ, ಹೊಸಾದು ಕೂಡಿಸಿ ಮುಚ್ಚಿದವರು ಯಾರು?"

ಅಕ್ಕ ಆ ಮಾತು ಬಿಟ್ಟು, "ಸೀಸೇದ ಮ್ಯಾಲಿನ ಚೌಕಾನೂ ಬೆಳ್ಳಗ ಐತಿ," ಎಂದಳು. ಲಸಿಕೆಯ ಸೀಸೆಯ ಮೇಲೊಂದು ಪುಟ್ಟ ಚೌಕವಿರುತ್ತದೆ. ಸೀಸೆಗೆ ಬಿಸಿ ತಾಗಿದರೆ ಅದು ಕಪ್ಪಾಗುತ್ತದೆ.

"ಅದು ಬಿಸಿಗೆ. ಥಂಡಿ ಹೆಚ್ಚಾದ್ರ ಏನು ತೋರಸ್ತೈತಿ?"

ಏನೂ ತೋರಿಸುವುದಿಲ್ಲ. ಕೆಲವು ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗಿದರೂ ಕೆಲಸಕ್ಕೆ ಬಾರದು. ಇದನ್ನು ನನಗೆ ಹೇಳಿಕೊಟ್ಟವಳೇ ಅಕ್ಕ. ಈಗ ಅವಳು, "ನೀ ಮಾಸ್ತರ ಕೈಗೆ ಹೆಸರು ಇಡಾಕ ಬರಬ್ಯಾಡ, ಊರಾಗ ನನಗ ಬಾಳೇ ಮಾಡೂದೈತಿ," ಎಂದು ಎದ್ದು ಒಳಗೆ ಹೋದಳು.

ಮರುದಿನ ನಾನೇ ದವಾಖಾನೆಗೆ ಹೋಗಿ, ಅವಳು ಚೀಟಿ ಬರೆಯುತ್ತಿದ್ದಾಗ ಡಬ್ಬಿ ಬಿಚ್ಚಿ ಮುಚ್ಚಿದೆ. ಕೂಡಲೇ ಅಕ್ಕನ ಫೋನಿಗೆ ಮೆಸೇಜು ಬಂತು. "ಒಂದೂವರಿ. ಎರಡರ ಕೆಳಗ ಐತಿ. ಇಲ್ಲಿ ಯಾರೂ ನೋಡೂದಿಲ್ಲೇನು?" ಕೊನೆಯ ಆ ಸಾಲು ನನ್ನ ಕೋಡಿನಲ್ಲಿ ಇರಲೇ ಇಲ್ಲ. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಬಾಗಿಲು ತೆರೆದಾಗಲೆಲ್ಲ ಅದು ಕಿರುಚಿತು. ಕಸ ಹೊಡೆಯುವಾಗ ಕಿರುಚಿತು. ಆ ದಿನವೇ ಡಾಕ್ಟರು ಬಂದವರು ಕುಡಿಯುವ ನೀರಿನ ಬಾಟಲಿಯನ್ನು ಲಸಿಕೆಯ ಪಕ್ಕದಲ್ಲಿಟ್ಟರು, ಇಡಬಾರದು ಎಂದು ಫ್ರಿಜ್ಜಿನ ಮೇಲೇ ಬರೆದಿದೆ. ಅವರ ಜೇಬಿನ ಫೋನು ಗುಂಯ್‌ಗುಟ್ಟಿತು. "ಇದು ನಿಮ್ಮ ಅಡಿಗೀ ಮನಿ ಅಲ್ರಿ."

ಡಾಕ್ಟರು ಬಾಟಲಿ ತೆಗೆದುಕೊಂಡು, ಅಕ್ಕನನ್ನು ಎಲ್ಲರೆದುರು ಬೈದು ಹೋದರು. ಅಕ್ಕ ಕಣ್ಣು ಒರೆಸಿಕೊಳ್ಳುತ್ತ ಡಬ್ಬಿಯ ಪ್ಲಗ್ಗನ್ನೂ ಬ್ಯಾಟರಿಯ ತಂತಿಯನ್ನೂ ಕಿತ್ತಳು.

"ಒಂದೂವರಿ ಅಂತ ಹೇಳಿತಲ್ಲ ಅದು! ಅದನ್ನ ಕೇಳಿಸಿಕೋ," ಎಂದೆ.

"ನಿನಗ ಎಲ್ಲಾದ್ರಾಗೂ ಹುಳುಕ ಕಾಣಸ್ತೈತಿ. ಅದಕೂ ಹಂಗ ಕಾಣಸೇತಿ. ಅದನ್ನ ಹೆಂಗ ನಂಬಲಿ?"

ನನಗೆ ಎಲ್ಲದರಲ್ಲೂ ಹುಳುಕು ಕಾಣುತ್ತದೆಂಬುದು ನಿಜ. ಹುಳುಕು ಇತ್ತು ಎಂಬುದೂ ನಿಜ. ಎರಡು ನಿಜಗಳ ನಡುವೆ ಡಬ್ಬಿ ಮತ್ತೆ ಮಾಸ್ತರರ ಮನೆಗೆ ಹೋಯಿತು, "ಛಲೋ ಆಗ್ಲಿ" ಎನ್ನಿಸಿಕೊಂಡು ಬಂತು, ಐದು ಎಂದಿತು.

ಮನೆಯಲ್ಲಿ ಅದೇ ಥರದ ಇನ್ನೊಂದು ಡಬ್ಬಿ ಮಾಡಿ, ಸೆನ್ಸರನ್ನು ಐಸಿನ ನೀರಿಗೆ ಬಿಟ್ಟು, ಬೇರೆ ಕೈಗಳನ್ನು ಹುಡುಕಿದೆ. ಕಿರಾಣಿ ಅಂಗಡಿಯ ಮಲ್ಲೇಶಿ ಮುಚ್ಚಿದ್ದು ಹತ್ತು ಎಂದು ಶುರುಮಾಡಿ, ನಾನು ದುರುಗುಟ್ಟಿ ನೋಡಿದ ಹಾಗೆಲ್ಲ ಒಂಬತ್ತು, ಎಂಟೂವರೆ ಎಂದು ಇಳಿಯಿತು. ಅವ್ವ ಮುಚ್ಚಿದ್ದು ಸರಿಯಾದ ಅಂಕಿಯನ್ನೇ ಕಳಿಸಿತು, ಜೊತೆಗೆ "ಅಕ್ಕಗ ಹೇಳಬ್ಯಾಡ" ಎಂದೂ ಕಳಿಸಿತು. ಒಂದು ಅಂಕಿಯನ್ನು ಇದ್ದ ಹಾಗೆ ಹೇಳುವ ಮನುಷ್ಯ ಇಡೀ ಊರಲ್ಲಿ ಇಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ? ನಾನು ಸೋಲ್ಡರಿಂಗ್ ಕಡ್ಡಿ ಆರಿಸಿ, ಎಲ್ಲ ಹಾಳಾಗಿ ಹೋಗಲಿ ಎಂದು ಮಲಗಿದೆ.

ಲಸಿಕೆ ಹಾಕುವ ದಿನ ಬೆಳಿಗ್ಗೆ ಅಕ್ಕ ಬುತ್ತಿ ಮರೆತು ಹೋಗಿದ್ದಳು. ಕೊಟ್ಟು ಬರಲು ದವಾಖಾನೆಗೆ ಹೋದೆ. ಪಡಸಾಲೆಯ ತುಂಬ ಕೂಸು ಹೊತ್ತ ತಾಯಂದಿರು. ಕೆಲವರು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು, ಕೆಲವರು ಹಾಲೂಡಿಸುತ್ತ ಕೂತಿದ್ದರು. ಒಳಗೆ ಅಕ್ಕ ಫ್ರಿಜ್ಜು ತೆರೆದು ಸೀಸೆಗಳನ್ನು ಬುಟ್ಟಿಗೆ ತೆಗೆದಿಡುತ್ತಿದ್ದಳು. ಬುತ್ತಿ ಮೇಜಿನ ಮೇಲಿಟ್ಟವಳಿಗೆ ಬುಟ್ಟಿಯ ತಳದ ಒಂದು ಸೀಸೆಯ ಮೈ ಮಂಜು ಹಿಡಿದು ಬೆಳ್ಳಗಾದದ್ದು ಕಂಡಿತು. ಬೆರಳಿನಿಂದ ಕೆರೆದೆ. ಉಗುರಿಗೆ ಐಸು ಬಂತು.

"ಅಕ್ಕಾ, ಇದನ್ನ ಅಳ್ಳಾಡಿಸಿ ಇಡು."

ಅವಳಿಗೆ ನಾನು ಏನು ಹೇಳುತ್ತಿದ್ದೇನೆಂದು ತಿಳಿಯಿತು. ಹೆಪ್ಪುಗಟ್ಟಿದ್ದ ಲಸಿಕೆಯನ್ನು ಕರಗಿದ ಮೇಲೆ ಅಳ್ಳಾಡಿಸಿ ಇಟ್ಟರೆ ಒಳಗಿನ ಬಿಳಿ ಬೇಗ ತಳಕ್ಕೆ ಕೂರುತ್ತದೆ. ಚೆನ್ನಾಗಿರುವುದು ಬಹಳ ಹೊತ್ತು ಒಂದೇ ಸಮ ಮಸುಕಾಗಿರುತ್ತದೆ. ಅಕ್ಕ ಮೇಲಿನ ಅರೆಯದೊಂದು ಸೀಸೆ, ಕೆಳಗಿನದೊಂದು ಸೀಸೆ ಅಂಗೈಯಲ್ಲಿ ಕರಗಿಸಿ, ಅಳ್ಳಾಡಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಇಬ್ಬರೂ ನಿಂತು ನೋಡಿದೆವು. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿದ್ದಿಲ್ಲ. ಎರಡೂ ಸೀಸೆಯಲ್ಲಿ ಒಡೆದ ಹಾಲಿನಂತೆ ಚೂರುಗಳು ಎದ್ದವು. ಆಮೇಲೆ ಕೆಳಗಿಳಿದು ಕೂತವು, ಮೇಲೆ ತಿಳಿನೀರು ಉಳಿಯಿತು.

ಗೋಡೆಯ ಮೇಲಿನ ನನ್ನ ಡಬ್ಬಿ ಆಗಲೂ ಅಕ್ಕನ ಫೋನಿಗೆ ಐದು ಎಂದೇ ಕಳಿಸುತ್ತಿತ್ತು.

ಅಕ್ಕ ಬಾಗಿಲು ಅರ್ಧ ಮುಂದೆ ಮಾಡಿ ಪಿಸುಮಾತಿನಲ್ಲಿ ಅಂದಳು. "ಐದು ತೋರಸಾಕತ್ತೈತಿ. ನಾಳೆ ಯಾರರ ಕೇಳಿದ್ರ ಇದನ್ನ ತೋರಸ್ತೀನಿ. ಮುಳ್ಳೂ ಐದ ಐತಿ. ನನಗ ಏನು ಮಾಡಾಕ ಬರತೈತಿ? ಮಾಸ್ತರ ಮುಚ್ಯಾರ."

ನನಗೆ ಆಗ ಮಾಸ್ತರರ ಯಂತ್ರಗಳು ಊರಿಗೆ ಯಾಕೆ ಬೇಕೆಂದು ಗೊತ್ತಾಯಿತು. ಅವು ಸುಳ್ಳೆಂದು ಎಲ್ಲರಿಗೂ ಒಳಗೊಳಗೆ ತಿಳಿದಿತ್ತು. ಕೇಳಿದವರಿಗೆ ತೋರಿಸಲು ಒಂದು ಅಂಕಿ ಇತ್ತು, ಅಷ್ಟು ಸಾಕಿತ್ತು.

"ಯಂತ್ರಕ್ಕ ಗಂಟಲಮಾರಿ ಬರಂಗಿಲ್ಲ," ಎಂದೆ. "ಹೊರಗ ಕುಂತ ಕೂಸುಗಳಿಗೆ ಬರತೈತಿ."

"ಔಷಧ ಎಲ್ಲಾ ಚೆಲ್ಲಬೇಕಾಗತೈತಿ ಕಸ್ತೂರಿ. ಮ್ಯಾಲಿನವರು ಯಾಕ ಕೆಡಿಸಿದಿ ಅಂತ ಕೇಳ್ತಾರ. ನನ್ನ ನೌಕರಿ."

"ಹೌದು. ಕೇಳ್ತಾರ."

ಸುಳ್ಳು ಸಮಾಧಾನ ಹೇಳಲು ನನಗೆ ಬರುವುದಿಲ್ಲ, ಅವಳಿಗೂ ಅದು ಗೊತ್ತು. ಅವಳು ಸ್ಟೂಲಿನ ಮೇಲೆ ಕೂತಳು. ಹೊರಗಿನಿಂದ ಯಾರೋ ಕೂಗಿದರು, "ಅಕ್ಕಾರ, ಇನ್ನ ಎಷ್ಟೊತ್ತ್ರಿ? ಕೂಸು ಅಳಾಕತ್ತೈತಿ, ಚುಚ್ಚಿ ಕಳಿಸಿಬಿಡ್ರಿ." ಅಕ್ಕ ಕಟ್ಟೆಯ ಮೇಲಿನ ಎರಡು ಸೀಸೆಗಳನ್ನು ನೋಡಿದಳು. ಆಮೇಲೆ ಡಬ್ಬಿಯ ಕಡೆ ಗದ್ದ ಎತ್ತಿ ಹೇಳಿದಳು:

"ಬಿಚ್ಚು ಅದನ್ನ."

ಬಿಚ್ಚಿದೆ.

"ಕೊಡು ಇಲ್ಲಿ."

"ನೀ ಮುಚ್ಚತೀಯೇನು? ಗಡಗಡ ನಡುಗಿ ಸಾಯ್ತೈತಿ ಅಂದಿದ್ದಿ."

"ಸಾಯ್ಲಿ. ನಂದ ಫ್ರಿಜ್ಜು ಅಲ್ಲೇನು?"

ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಸ್ಕ್ರೂಡ್ರೈವರಿನ ಮೂತಿ ಎರಡು ಸಲ ಜಾರಿತು. ತಿರುಗಿಸಿ ಮುಗಿದದ್ದೇ ಡಬ್ಬಿ ಒಮ್ಮೆ ಚಿಕ್ಕದಾಗಿ ಕುಂಯ್ ಎಂದಿತು. ಅವಳ ಫೋನಿಗೆ ಮೆಸೇಜು ಬಂತು. "ಮೈನಸ್ ಒಂದೂವರಿ. ಮತ್ತೊಮ್ಮೆ ನೋಡ್ತೀನಿ." ನಾವು ಉಸಿರು ಬಿಡುವಷ್ಟರಲ್ಲಿ ಇನ್ನೊಂದು. "ಮೈನಸ್ ಒಂದೂವರೀನ ಐತಿ." ಮತ್ತೊಂದು. "ನೋಡಿದ್ನಿ. ಅಷ್ಟ ಐತಿ. ಯಾರರ ಬರ್ರಿ." ಕಿರುಚಲಿಲ್ಲ, ಬೈಯಲಿಲ್ಲ. ಬೆಂಕಿ ಆರಿದೆಯೋ ಇಲ್ಲವೋ ಎಂದು ಎದ್ದೆದ್ದು ಹೋಗಿ ನೋಡುವ ಹೆಂಗಸಿನ ಹಾಗೆ ಅದು ಒಂದೇ ಸಮನೆ ಅಳೆಯುತ್ತಿತ್ತು. ನಾನು ಜೀವನವಿಡೀ ಅಕ್ಕನನ್ನು ಅಂಜುಬುರುಕಿ ಎಂದು ಆಡಿಕೊಂಡಿದ್ದೆ. ಫ್ರಿಜ್ಜು ಕಾಯಲು ಅದಕ್ಕಿಂತ ಒಳ್ಳೆಯ ಗುಣ ಬೇರೊಂದಿಲ್ಲ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಅವಳ ಡಬ್ಬಿಯನ್ನು ಅವಳೇ ಮುಚ್ಚಬಾರದೆಂದು ಊರೇ ಸೇರಿ ನಿಯಮ ಮಾಡಿಕೊಂಡಿತ್ತು.

ಅಕ್ಕ ಪಡಸಾಲೆಗೆ ಹೋದಳು. "ಇವತ್ತ ಚುಚ್ಚೂದಿಲ್ರವಾ. ಔಷಧ ಕೆಟ್ಟೈತಿ. ಹೊಸಾದು ಬಂದ ಮ್ಯಾಲೆ ನಾನ ಮನಿಗೆ ಬಂದು ಹೇಳ್ತೀನಿ." ಅಲ್ಲಿಗೆ ನಿಲ್ಲಿಸಬಹುದಿತ್ತು. ಯಾರೂ ಮುಂದೆ ಕೇಳಿರಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, "ಹ್ವಾದ ಸರ್ತಿ ಹಾಕಿಸಿಕೊಂಡವರೂ ಮತ್ತ ಬರಬೇಕಾಗಬಹುದು. ಡಾಕ್ಟರನ್ನ ಕೇಳಿ ಹೇಳ್ತೀನಿ," ಎಂದಳು.

ಗದ್ದಲವಾಯಿತು. "ಮಾಸ್ತರ ಯಂತ್ರ ಛಲೋ ಐತಿ ಅಂತ ಹೇಳತಿತ್ತಲ್ಲ?" ಎಂದು ಒಬ್ಬಳು. "ತಂಗೀ ಕೈ ಹಚ್ಚಿದ ಮ್ಯಾಲೆ ಕೆಟ್ಟೈತಿ," ಎಂದು ಇನ್ನೊಬ್ಬಳು, ನನ್ನ ಮುಖ ನೋಡಿಕೊಂಡೇ. ಅಕ್ಕ ಕೂತು ಡಾಕ್ಟರಿಗೆ ಫೋನು ಹಚ್ಚಿದಳು.

ಮುಂದಿನದು ಹೇಳುವಂಥದ್ದೇನಲ್ಲ. ಫ್ರಿಜ್ಜಿನ ಥಂಡಿ ತಡೆಯುವ ಸ್ವಿಚ್ಚು ಅಂಟಿಕೊಂಡಿತ್ತು, ಬದಲಿಸಿದರು. ಹೊಸ ಲಸಿಕೆ ಬಂತು. ನೋಟೀಸು ಅಕ್ಕನಿಗೇ ಬಂತು, ಐದು ಎಂದು ತೋರಿಸಿದ ಮುಳ್ಳಿಗೆ ಬರಲಿಲ್ಲ, ಬರುವುದೂ ಇಲ್ಲ. ಅವಳು ಅದಕ್ಕೆ ಉತ್ತರ ಬರೆದು, ಹೆದರುತ್ತಲೇ ಕೊಟ್ಟು, ಬೇಸಿಗೆಯ ಬಿಸಿಲಿನಲ್ಲಿ ಮನೆಮನೆ ತಿರುಗಿ ಕೂಸುಗಳನ್ನು ಮತ್ತೆ ಕರೆದು ತಂದಳು. ನೌಕರಿ ಉಳಿಯಿತು.

ಇಷ್ಟಾದ ಮೇಲೆ ಊರು ಏನಾದರೂ ಕಲಿತೀತೆಂದು ನಾನು ಕಾದದ್ದೇ ಮೂರ್ಖತನ. ಜನ ಈಗ ಎಲೆ ಅಡಿಕೆ ಹಿಡಿದು ನಮ್ಮ ಮನೆಗೆ ಬರುತ್ತಾರೆ, ಅನಸಕ್ಕನ ಕೈ ಒಳ್ಳೆಯದಂತೆ. ಬೇಡವೆನ್ನಲೂ ಅವಳಿಗೆ ಅಂಜಿಕೆ. ಅವಳು ಮುಚ್ಚಿದ ಗಿರಣಿಯ ಮೋಟಾರು ಹಿಟ್ಟು ಬೀಸುವ ಮೊದಲು ಎರಡು ಸಲ ನಿಂತು ವಿಚಾರ ಮಾಡುತ್ತದೆ. ಅವಳು ಮುಚ್ಚಿದ ಮಿಕ್ಸರು ಚಟ್ನಿಯ ನಡುವೆ ನಿಂತುಬಿಡುತ್ತದೆ. ಫ್ರಿಜ್ಜಿಗೆ ಬೇಕಾದ ಗುಣ ಬೇರೆ, ಗಿರಣಿಗೆ ಬೇಕಾದದ್ದು ಬೇರೆ ಎಂದು ಹೇಳಿ ಹೇಳಿ ನನ್ನ ಗಂಟಲು ಹರಿಯಿತು. ಜನರಿಗೆ ಬೇಕಾದದ್ದು ಎಲ್ಲಕ್ಕೂ ಒಂದೇ ಕೈ.

ಮಾಸ್ತರರ ಹತ್ತಿರ ಈಗ ಅಷ್ಟಾಗಿ ಯಾರೂ ಹೋಗುವುದಿಲ್ಲ. ಒಂದು ಮಧ್ಯಾಹ್ನ ಅವರೇ ನಮ್ಮ ಪಡಸಾಲೆಗೆ ಬಂದು, ಟವೆಲಿನಲ್ಲಿ ಸುತ್ತಿದ್ದ ಒಂದು ಯಂತ್ರವನ್ನು ನನ್ನ ಮುಂದೆ ಬಿಚ್ಚಿಟ್ಟರು. ಮನೆಯಲ್ಲಿ ಇಟ್ಟುಕೊಳ್ಳುವ ಬಿ.ಪಿ. ಯಂತ್ರ. ಹಿಂದಿನ ಮುಚ್ಚಳ ತೆಗೆದಿತ್ತು. ಜಗಳಕ್ಕೆ ಬಂದಿದ್ದಾರೆಂದು ನಾನು ಸೊಂಟ ಕಟ್ಟಿ ಕೂತೆ.

"ಕೆಟ್ಟೈತೇನ್ರಿ?"

"ಇಲ್ಲವಾ, ಛಲೋ ಐತಿ. ಅದ ತ್ರಾಸು." ಅವರು ಹಣೆ ಒತ್ತಿಕೊಂಡರು. "ಮುಂಜಾನೆ ಎದ್ರ ತಲಿ ದಿಮ್ ಅಂತೈತಿ. ಕಣ್ಣಿಗೆ ಕತ್ತಲಿ ಬರತೈತಿ. ಇದನ್ನ ಕಟ್ಟಿಕೊಂಡ್ರ ನೂರಾ ಇಪ್ಪತ್ತು, ಎಂಬತ್ತು. ದವಾಖಾನೀಗೆ ಹ್ವಾದ್ರೂ ನೂರಾ ಇಪ್ಪತ್ತು, ಎಂಬತ್ತು."

"ಅಲ್ಲೀದೂ ನೀವ ಮುಚ್ಚಿದ್ದಲ್ರಿ."

"ಹೂಂ. ಅದಕ್ಕ ಬಂದೆ." ಜೇಬಿನಿಂದ ತಮ್ಮ ಸ್ಕ್ರೂಡ್ರೈವರು ತೆಗೆದು, ಹಿಡಿಕೆ ನನ್ನ ಕಡೆ ಮಾಡಿ ಚಾಚಿದರು. "ನೀ ಮುಚ್ಚು."

ನನ್ನ ಕೈಯಲ್ಲಿ ಏನನ್ನಾದರೂ ಮುಚ್ಚಿಸಲು ಯಾರಾದರೂ ಬಂದದ್ದು ಅದೇ ಮೊದಲು. ಅವ್ವ ಒಳಗಿನಿಂದ ಇಣುಕಿ, "ಮಾಸ್ತರ, ವಿಚಾರ ಮಾಡ್ರಿ, ಆಮ್ಯಾಲೆ ನಮಗನಬ್ಯಾಡ್ರಿ," ಎಂದಳು. ಅವರು ಅಂಗಿಯ ತೋಳು ಮೇಲೇರಿಸುತ್ತ ನಕ್ಕರು. ನಾನು ಕೈ ತೊಳೆಯಲಿಲ್ಲ, ಛಲೋ ಆಗ್ಲಿ ಎನ್ನಲಿಲ್ಲ. ಸ್ಕ್ರೂ ತಿರುಗಿಸಿ, ಪಟ್ಟಿ ಸುತ್ತಿ, ಗುಂಡಿ ಒತ್ತಿದೆ. ಯಂತ್ರ ಬಿಗಿಯಿತು, ಇನ್ನೂ ಬಿಗಿಯಿತು, ಮಾಸ್ತರರ ಹುಬ್ಬು ಗಂಟಾಯಿತು. ಅಂಕಿ ಬಂತು. ನೂರಾ ತೊಂಬತ್ತಾರು, ನೂರಾ ಹನ್ನೆರಡು.

ಮಾಸ್ತರರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಇಷ್ಟ ದಿನ ಒಬ್ಬರೂ ಹೇಳಲಿಲ್ಲ ನೋಡು."

"ಯಾರು ಹೇಳ್ತಾರ್ರಿ? ಊರಾಗಿನವೆಲ್ಲಾ ನೀವ ಮುಚ್ಚೀರಿ."

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಯಾರೂ ಗುಂಡಿ ಒತ್ತದೆ ಯಂತ್ರ ಮತ್ತೆ ಬಿಗಿಯತೊಡಗಿತು.

"ಸಾಕು, ಬಿಡು ಅನ್ನು ಅದಕ."

"ಬಿಡಂಗಿಲ್ರಿ, ನನ್ನ ಕೈಯಾಗಿಂದದು. ಏಳ್ರಿ, ಇವತ್ತ ಡಾಕ್ಟರ ಬರೂ ದಿನ, ಹೊಂಟಹೋಗ್ತಾರ."

ಪಟ್ಟಿ ಬಿಚ್ಚಲು ನೋಡಿದೆವು, ಅದು ಕಚ್ಚಿಕೊಂಡು ಕೂತಿತ್ತು. ಕಡೆಗೆ ತೋಳಿನ ಮೇಲೆ ಟವೆಲು ಹೊದೆಸಿಕೊಂಡು ಮಾಸ್ತರರು ಹಾಗೇ ಎದ್ದರು. ಯಂತ್ರ ಹಿಡಿದು ನಾನು ಪಕ್ಕದಲ್ಲಿ ನಡೆದೆ. ದಾರಿಯಲ್ಲಿ ಗಿರಣಿಯ ಮುಂದೆ ನಿಂತವರು, "ಏನ್ರಿ ಮಾಸ್ತರ, ಆರಾಮ?" ಎಂದು ಕೇಳಿದರು.

ಮಾಸ್ತರರ ಬಾಯಿ ಅಭ್ಯಾಸದಂತೆ "ಛಲೋ" ಎನ್ನಲು ತೆರೆಯಿತು. ತೋಳಿನಲ್ಲಿ ಯಂತ್ರ ಬಿಗಿಯಿತು.

"ಇಲ್ಲಪಾ," ಎಂದರು, "ಆರಾಮಿಲ್ಲ."